ಸಿ. ಎಲೆಗನ್ಸ್ ಮರಿಗಳನ್ನು ಎಣಿಸುವಾಗ

ಗಂಡಿನೊಡನೆ ಕೂಡದ ಸಿ. ಎಲೆಗನ್ಸ್ ಎಂಬ ಪ್ರಯೋಗಾಲಯದ ಪುಟ್ಟ ದುಂಡುಹುಳುವಿನ ಸಂತಾನಕ್ಕೆ ಮಿತಿ ಹಾಕುವುದು ವೀರ್ಯಾಣು. ದ್ವಿಲಿಂಗಿ ಹುಳು ಮೊದಲು ಸುಮಾರು 300 ವೀರ್ಯಾಣು ಮಾಡಿಟ್ಟುಕೊಂಡು ಆಮೇಲೆ ಅಂಡಾಣುವಿಗೆ ಹೊರಳುತ್ತದೆ. ಮರಿಗಳೂ ಹೆಚ್ಚುಕಡಿಮೆ ಅಷ್ಟೇ. ಇನ್ನಷ್ಟು ಯಾಕಿಲ್ಲ? ಸಂಶೋಧಕರಾದ ಹಾಜ್ಕಿನ್ ಮತ್ತು ಬಾರ್ನ್ಸ್ 1991ರಲ್ಲಿ ಕೊಟ್ಟ ಉತ್ತರ ನನಗೆ ಬಲು ಇಷ್ಟ: ಹೆಚ್ಚು ವೀರ್ಯಾಣು ಮಾಡುವ ರೂಪಾಂತರಿಗೆ (ಜೀನ್ ಬದಲಾದ ಹುಳುವಿಗೆ) ಮರಿಗಳೇನೋ ಹೆಚ್ಚು, ಆದರೆ ಮೊದಲ ಮೊಟ್ಟೆ ತಡ. ಆಹಾರದ ಪೈಪೋಟಿಯಲ್ಲಿ ಸಾಮಾನ್ಯ ಹುಳುವೇ ಗೆಲ್ಲುತ್ತದೆ.

ಎಣಿಸಲು 20 ಡಿಗ್ರಿಯಲ್ಲಿ, ನಾಲ್ಕನೇ ಲಾರ್ವಾ ಹಂತದ (ಬೆಳೆದ ಹುಳುವಾಗುವ ಮುಂಚಿನ ಕೊನೆಯ ಹಂತ) ಒಂದೊಂದೇ ಹುಳುವನ್ನು, ಅದರ ಆಹಾರವಾದ ಓಪಿ50 ಎಂಬ ಬ್ಯಾಕ್ಟೀರಿಯಾ ಹಚ್ಚಿದ ತಟ್ಟೆಗೆ ಬಿಡಿ. ಮೊಟ್ಟೆ ನಿಲ್ಲುವ ತನಕ 24 ಗಂಟೆಗೊಮ್ಮೆ ಹೊಸ ತಟ್ಟೆಗೆ ದಾಟಿಸಿ, ಹಳೆಯದರ ಮರಿಗಳನ್ನು ಎರಡು ದಿನ ಬಿಟ್ಟು ಎಣಿಸಿ. ಇನ್ನೂ ತಡಮಾಡಿದರೆ ಮರಿಗಳೇ ಮೊಟ್ಟೆಯಿಟ್ಟು ಲೆಕ್ಕ ಕೆಡುತ್ತದೆ. ತಾಯಿ ಹಸಿದರೆ ಮೊಟ್ಟೆಗಳು ಒಡಲೊಳಗೇ ಒಡೆದು ಮರಿಗಳು ಅವಳನ್ನೇ ತಿನ್ನುತ್ತವೆ. ಅಂಥದ್ದನ್ನು ಬೇರೆಯಾಗಿ ಬರೆದಿಡಿ.