ಎರಡು ಇಂಗಾಲ ಹೆಚ್ಚಾದಾಗ

ಔಷಧವನ್ನು ಲೈಪೋಸೋಮ್‌ಗಳಲ್ಲಿ ತುಂಬುವ ಪ್ರಯೋಗಾಲಯದಲ್ಲಿ ನನ್ನ ಕೆಲಸ. ನೀರಿನಲ್ಲಿ ಲಿಪಿಡ್‌ಗಳು, ಅಂದರೆ ತಲೆ ಮತ್ತು ಉದ್ದ ಬಾಲಗಳಿರುವ ಕೊಬ್ಬಿನ ಜಾತಿಯ ಅಣುಗಳು, ತಾವಾಗಿಯೇ ಒಗ್ಗೂಡಿ, ಎರಡು ಪದರದ ಪೊರೆಯಾಗಿ ಕಟ್ಟಿಕೊಳ್ಳುವ ಸಣ್ಣ ಗುಳ್ಳೆಗಳೇ ಲೈಪೋಸೋಮ್. ಸೇರಿದ ಹೊಸತರಲ್ಲಿ ತಿಂಗಳುಗಟ್ಟಲೆ ನಾನು ಬಳಸಿದ್ದು ಡಿಪಿಪಿಸಿ ಎಂಬ ಲಿಪಿಡ್. ತಲಾ 16 ಇಂಗಾಲದ ಎರಡು ಬಾಲಗಳು ಅದಕ್ಕೆ. ಕ್ಲೋರೋಫಾರ್ಮ್‌ನಲ್ಲಿ ಕರಗಿಸಿ, ಫ್ಲಾಸ್ಕಿನ ಒಳಮೈಗೆ ತೆಳ್ಳಗೆ ಒಣಗಿಸಿ, ಬಿಸಿ ಬಫರ್ (ಆಮ್ಲೀಯತೆ ಬದಲಾಗದಂತೆ ಕಾಯುವ ದ್ರಾವಣ) ಹಾಕಿ ಕುಲುಕಿ, ಕೊನೆಗೆ 100 ನ್ಯಾನೋಮೀಟರ್ ರಂಧ್ರಗಳ ಪಾಲಿಕಾರ್ಬೊನೇಟ್ ಹಾಳೆಯ ಮೂಲಕ ಸಿರಿಂಜಿನಿಂದ ಹಿಂದೆ ಮುಂದೆ ದೂಡುವುದು. ಬಿಸಿ 50 ಡಿಗ್ರಿ. ಕೈಗೆ ಒಗ್ಗಿದ ಕೆಲಸ.

ಒಂದು ದಿನ ಡಿಎಸ್‌ಪಿಸಿ ಬಂತು. ತಲೆ ಅದೇ, ಬಾಲದಲ್ಲಿ ಮಾತ್ರ 18 ಇಂಗಾಲ. ಎರಡು ಇಂಗಾಲಕ್ಕಾಗಿ ಬಿಸಿ ಬದಲಿಸಬೇಕೆಂದು ನನಗೆ ಹೊಳೆಯಲೇ ಇಲ್ಲ. ಸಿರಿಂಜಿನ ದಂಡ ಅರ್ಧ ಸೆಂಟಿಮೀಟರ್ ಸರಿದು ನಿಂತಿತು. ಹೆಬ್ಬೆರಳು ಬಿಳಿಚುವಷ್ಟು ಒತ್ತಿದೆ. ಇದ್ದಕ್ಕಿದ್ದಂತೆ ಸಲೀಸಾಗಿ ಒಳಗೆ ಹೋಯಿತು. ಬಿಚ್ಚಿ ನೋಡಿದರೆ ಹಾಳೆ ಹರಿದಿತ್ತು, ಅದರ ಮೇಲೆ ಬಿಳಿ ಮುದ್ದೆ. ಅಷ್ಟು ದುಬಾರಿ ಲಿಪಿಡ್ ಹಾಳಾದದ್ದಕ್ಕೆ ಹೊಟ್ಟೆ ಉರಿಯಿತು. ಹಿರಿಯ ಸಹೋದ್ಯೋಗಿ ಮೇಡಂ ಬಂದು ಕೇಳಿದ್ದು ಒಂದೇ ಪ್ರಶ್ನೆ: “ಇದರ ಪೊರೆ ಎಷ್ಟು ಡಿಗ್ರಿಗೆ ಸಡಿಲವಾಗುತ್ತದೆ, ನೋಡಿದಿರಾ?”

ಡಿಪಿಪಿಸಿಗೆ 41, ಡಿಎಸ್‌ಪಿಸಿಗೆ 55. ಅದಕ್ಕಿಂತ ಕೆಳಗೆ ಬಾಲಗಳು ನೆಟ್ಟಗೆ, ಒತ್ತೊತ್ತಾಗಿ ನಿಂತು ಪೊರೆ ಗಡುಸಾಗಿರುತ್ತದೆ. ಬಾಲ ಉದ್ದವಾದಷ್ಟೂ ಒಂದನ್ನೊಂದು ಸೆಳೆದು ಹಿಡಿಯುವ ಬಲ ಹೆಚ್ಚು, ಬಿಡಿಸಲು ಬೇಕಾದ ಬಿಸಿಯೂ ಹೆಚ್ಚು.

ಆ ರಾತ್ರಿ ಕುಳಿತು ಉಳಿದ ಲಿಪಿಡ್‌ಗಳ ಪಟ್ಟಿ ನೋಡಿದೆ. ಡಿಒಪಿಸಿಯ ಬಾಲಗಳಲ್ಲಿಯೂ 18 ಇಂಗಾಲ, ಆದರೆ ನಟ್ಟನಡುವೆ ಒಂದು ದ್ವಿಬಂಧ, ಅಲ್ಲಿ ಬಾಲ ಸೊಟ್ಟ. ಅದು ಸಡಿಲವಾಗುವುದು ಮೈನಸ್ 17 ಡಿಗ್ರಿಗೆ! ನೆಟ್ಟಗಿನ ಸೌದೆ ಸಂದಿಲ್ಲದೆ ಒಟ್ಟಬಹುದು, ಸೊಟ್ಟ ಸೌದೆ ಒಟ್ಟಿದರೆ ನಡುವೆ ಸಂದು ಉಳಿಯುತ್ತದಲ್ಲ, ಹಾಗೆ. ಡಿಒಪಿಸಿಯದು ಸಿಸ್ ದ್ವಿಬಂಧ, ಅಂದರೆ ಬಾಲದ ಎರಡೂ ತುಂಡುಗಳು ಬಂಧದ ಒಂದೇ ಬದಿಗೆ; ಅದೇ ಜಾಗದ ದ್ವಿಬಂಧ ಟ್ರಾನ್ಸ್, ಅಂದರೆ ತುಂಡುಗಳು ಎದುರುಬದುರು ಬದಿಗೆ, ಆಗಿದ್ದರೆ ಬಾಲ ಹೆಚ್ಚುಕಡಿಮೆ ನೇರವೇ ಇರುತ್ತದೆ, ಅಂಕಿ 12ಕ್ಕೆ ಏರುತ್ತದೆ. ಪರಮಾಣುಗಳ ಲೆಕ್ಕ ಅದೇ, ತಿರುವು ಬೇರೆ. ಇದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಗುಳ್ಳೆಯೊಳಗೆ ತುಂಬಿದ್ದು ಪೊರೆ ದಾಟಿ ಸೋರುವುದನ್ನು ಕಣ್ಣಾರೆ ಕಂಡದ್ದು ಬಣ್ಣದ ಪರೀಕ್ಷೆಯಲ್ಲಿ. ಗುಳ್ಳೆಯೊಳಗೆ ಇಕ್ಕಟ್ಟಾಗಿ ತುಂಬಿದ ಕಾರ್ಬಾಕ್ಸಿಫ್ಲೋರೆಸಿನ್ ಎಂಬ ಬಣ್ಣ ಮಂಕಾಗಿರುತ್ತದೆ, ಹೊರಬಂದು ನೀರಿನಲ್ಲಿ ಹರಡಿದಾಗ ಹಸಿರಾಗಿ ಹೊಳೆಯುತ್ತದೆ. ಬಿಸಿ ಏರಿದಷ್ಟೂ ಸೋರಿಕೆ ಏರುತ್ತಲೇ ಹೋಗುತ್ತದೆಂದು ನಾನು ಭಾವಿಸಿದ್ದೆ. ಆದರೆ ಡಿಪಿಪಿಸಿ ಅತಿ ಹೆಚ್ಚು ಸೋರಿದ್ದು 41ರ ಆಸುಪಾಸಿನಲ್ಲಿ, ಅದನ್ನು ದಾಟಿದ ಮೇಲಲ್ಲ. ಗಡುಸು ತುಣುಕು, ಸಡಿಲ ತುಣುಕು ಅಕ್ಕಪಕ್ಕ ಇರುವ ಆ ಹೊತ್ತಿನಲ್ಲಿ ಅವುಗಳ ಅಂಚುಗಳಲ್ಲೇ ಬಿರುಕು ಬೀಳುತ್ತದೆ. ಕೊಲೆಸ್ಟೆರಾಲ್ ಸಾಕಷ್ಟು ಸೇರಿಸಿದರೆ ಈ ಹಠಾತ್ ಬದಲಾವಣೆಯೇ ಅಳಿಸಿಹೋಗುತ್ತದೆ. ಅಮೆರಿಕದಲ್ಲಿ 1995ರಲ್ಲಿ ಅನುಮತಿ ಪಡೆದ ಡಾಕ್ಸಿಲ್ ಎಂಬ ಕ್ಯಾನ್ಸರ್ ಔಷಧದಲ್ಲಿ ಕೊಲೆಸ್ಟೆರಾಲ್ ಜೊತೆಗಿರುವುದು ಹೈಡ್ರೋಜನ್ ಸೇರಿಸಿ ದ್ವಿಬಂಧಗಳನ್ನು ತೆಗೆದ ಸೋಯಾ ಲಿಪಿಡ್. ಏಕೆಂದು ಈಗ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಮರುವಾರ ಡಿಎಸ್‌ಪಿಸಿಯನ್ನು 65 ಡಿಗ್ರಿಗೆ ಇಟ್ಟೆ. ಗಾಜಿನ ಸಿರಿಂಜ್‌ಗಳೂ ಬಿಸಿಯಾಗಲೆಂದು ಹದಿನೈದು ನಿಮಿಷ ಕಾದೆ. ಹತ್ತನೆಯ ಸಲ ದೂಡುವ ಹೊತ್ತಿಗೆ ಹಾಲಿನಂತಿದ್ದ ದ್ರವ ತಿಳಿಯಾಗಿ, ಬೆಳಕಿಗೆ ಹಿಡಿದರೆ ಅಂಚಿನಲ್ಲಿ ನಸುನೀಲಿ ಕಾಣುತ್ತಿತ್ತು.