ಇಗ್ವಾಸುವಿನಲ್ಲಿ ಕಂಡ ಬಾಗಿಲಿರುವ ಗೂಡು

ಬ್ರೆಜಿಲ್‌ಗೆ ಹೋಗಿದ್ದು ಇಗ್ವಾಸು ಜಲಪಾತ ನೋಡಲು. ನೋಡಿದೆವು, ಮೈಯೆಲ್ಲ ತೊಯ್ಸಿಕೊಂಡೆವು. ಆದರೆ ನಾನು ಬರೆಯಬೇಕೆಂದು ಕೂತಿರುವುದು ಅವತ್ತು ರಾತ್ರಿ ನಾವಿಳಿದ ಮನೆಯ ಗೋಡೆ ಮೇಲೆ ಕಂಡದ್ದನ್ನು.

ನವೆಂಬರ್ ತಿಂಗಳು. ಮಳೆ ಆಗಷ್ಟೇ ನಿಂತಿತ್ತು. ದೀಪದ ಪಕ್ಕ ಅಂಗೈಗಿಂತ ಅಗಲದ ಒಂದು ಪತಂಗ ರೆಕ್ಕೆ ಬಿಚ್ಚಿ ಕೂತಿತ್ತು. ಇಟ್ಟಿಗೆ ಪುಡಿಯಂಥ ಬಣ್ಣ, ನಾಲ್ಕು ರೆಕ್ಕೆಯಲ್ಲೂ ಒಂದೊಂದು ತ್ರಿಕೋನ. ಬಿಳಿ ಮಚ್ಚೆ ಅಂದುಕೊಂಡು ಹತ್ತಿರ ಹೋದರೆ ಅದರೊಳಗಿಂದ ಹಿಂದಿನ ಗೋಡೆಯ ಬಿರುಕು ಕಾಣುತ್ತಿತ್ತು! ರೆಕ್ಕೆಗೆ ಬಣ್ಣ ಕೊಡುವ ಪುಡಿ ಆ ಜಾಗದಲ್ಲಿ ಇಲ್ಲವೇ ಇಲ್ಲ, ಬರೀ ಪೊರೆ. ಅಲ್ಲಿಯವರು ಇದನ್ನು ಕನ್ನಡಿ ಪತಂಗ ಅನ್ನುತ್ತಾರೆ, ವಿಜ್ಞಾನದ ಹೆಸರು ರಾಥ್‌ಶಿಲ್ಡಿಯಾ. ಕಿಟಕಿ ರೆಕ್ಕೆಯ ನಮ್ಮ ಪಶ್ಚಿಮ ಘಟ್ಟದ ಅಟ್ಲಾಸ್ ಪತಂಗಕ್ಕೆ ಹತ್ತಿರದ ನೆಂಟ. ಮೀಸೆ ಥೇಟ್ ಹುಣಸೆ ಎಲೆ. ಅಷ್ಟು ಅಗಲದ ಮೀಸೆ ಇದ್ದರೆ ಗಂಡು. ಹೆಣ್ಣು ಬಿಡುವ ವಾಸನೆಯನ್ನು ಕತ್ತಲಲ್ಲಿ ದೂರದಿಂದಲೇ ಹಿಡಿಯುವುದು ಅದರಿಂದಲೇ.

ನಾನು ಶಿಡ್ಲಘಟ್ಟದ ಕಡೆಯವಳು, ರೇಷ್ಮೆ ಹುಳ ಸಾಕಿದ ಮನೆ. ಪೊರೆ ಕಳಚಲು ಜ್ವರಕ್ಕೆ ಕೂತ ಹುಳ, ಗೂಡು ಕಟ್ಟಲು ಹಣ್ಣಾದ ಹುಳ, ಅದನ್ನು ಗೂಡು ಕಟ್ಟಲು ಬಿಡುವ ತಟ್ಟೆ ಚಂದ್ರಿಕೆ, ಇವೆಲ್ಲ ನನಗೆ ಅಆಇಈಗಿಂತ ಮೊದಲು ಬಂದ ಮಾತುಗಳು. ಆದರೂ ನಮ್ಮ ಮನೆಯ ಗೂಡಿನಿಂದ ಒಂದು ಚಿಟ್ಟೆ ಹೊರಗೆ ಬಂದದ್ದನ್ನು ನಾನು ನೋಡಿಲ್ಲ. ಅಷ್ಟರಲ್ಲಿ ಗೂಡು ಮಾರ್ಕೆಟ್ಟಿಗೆ ಹೋಗಿರುತ್ತಿತ್ತು, ಅಲ್ಲಿಂದ ಬಿಸಿನೀರಿಗೆ.

ಬ್ರೆಜಿಲ್‌ನ ರೇಷ್ಮೆಯಲ್ಲೂ ಹೆಚ್ಚಿನ ಪಾಲು ಇಗ್ವಾಸು ಇರುವ ಈ ಪರಾನಾ ರಾಜ್ಯದ್ದೇ, ಹಿಪ್ಪುನೇರಳೆ ಹುಳದ್ದು. ಹಾಗಾಗಿ ನಮ್ಮ ಗೈಡ್‌ಗೆ ಕನ್ನಡಿ ಪತಂಗದ ಗೂಡು ನೋಡುವ ನನ್ನ ಆಸೆ ಬೇಗ ಅರ್ಥವಾಯಿತು. ಬೆಳಿಗ್ಗೆ ರಸ್ತೆ ಬದಿಯ ಹರಳು ಗಿಡಗಳ ಹತ್ತಿರ ಕರೆದುಕೊಂಡು ಹೋದರು. ಹೌದು, ನಮ್ಮ ಹರಳೇ. ಕನ್ನಡಿ ಪತಂಗದ ಹುಳ ಅದರ ಎಲೆ ತಿನ್ನುತ್ತದೆ, ಮರಗೆಣಸಿನ ಎಲೆಯನ್ನೂ ತಿನ್ನುತ್ತದೆ. ನಮ್ಮ ಹುಳದ ಹಾಗೇ ನಾಲ್ಕು ಜ್ವರ, ಕೊನೆಗೆ ಬೆರಳು ಗಾತ್ರದ ಹಸಿರು ಹುಳ. ಚಂದ್ರಿಕೆ ಕೊಡುವವರು ಯಾರೂ ಇಲ್ಲ ಅಲ್ವಾ, ತಾನೇ ಒಂದು ಕಡ್ಡಿ ಹುಡುಕಿ ಅದಕ್ಕೆ ರೇಷ್ಮೆ ಸುತ್ತಿ, ತೊಟ್ಟು ಮಾಡಿ, ಅದರ ತುದಿಗೆ ಗೂಡು ನೇತುಹಾಕುತ್ತದೆ. ಚಳಿಗಾಲ ಬಂದರೆ ಒಳಗೇ ತಿಂಗಳುಗಟ್ಟಲೆ ಮಲಗಿರುತ್ತದೆ. ಹೊರಗೆ ಬಂದ ಮೇಲೆ ಬದುಕು ಒಂದು ವಾರದ ಆಸುಪಾಸು. ತಿನ್ನಲು ಬಾಯಿಯೇ ಇಲ್ಲ. ಹುಳವಾಗಿದ್ದಾಗ ತಿಂದದ್ದರಲ್ಲೇ ಹಾರಬೇಕು, ಜೋಡಿ ಹುಡುಕಬೇಕು, ಮೊಟ್ಟೆ ಇಡಬೇಕು. ನಮ್ಮ ರೇಷ್ಮೆ ಚಿಟ್ಟೆಗೂ ತಿನ್ನುವ ಬಾಯಿಲ್ಲ, ಪಾಪ, ಅದಕ್ಕೆ ಹಾರಲೂ ಬರುವುದಿಲ್ಲ.

ಒಂದು ಕಡ್ಡಿಯಲ್ಲಿ ಬೂದು ಬಣ್ಣದ ಖಾಲಿ ಗೂಡು ತೂಗುತ್ತಿತ್ತು. ಅಲ್ಲಾಡಿಸಿದರೆ ಒಳಗಿನ ಕೋಶದ ಸಿಪ್ಪೆ ಗಲಗಲ ಅಂದಿತು. ನಮ್ಮ ಗೂಡು ಸುತ್ತಲೂ ಮುಚ್ಚಿರುತ್ತದೆ, ಚಿಟ್ಟೆ ಎಂಜಲಿಂದ ನೆನೆಸಿ ತೂತು ಮಾಡಿಕೊಳ್ಳಬೇಕು. ಇದರ ಮೇಲ್ತುದಿಯಲ್ಲಿ ಹುಳ ಎಳೆಗಳನ್ನು ಅಂಟಿಸದೆ ಸುಮ್ನೆ ಒಟ್ಟಿಗೆ ಸೇರಿಸಿ ಬಿಟ್ಟಿತ್ತು. ಒಳಗಿನಿಂದ ತಳ್ಳಿದರೆ ತೆರೆಯಬೇಕು, ಹೊರಗಿನಿಂದ ಯಾರೂ ನುಗ್ಗಬಾರದು. ಕಿರುಬೆರಳಿನಿಂದ ಮೆಲ್ಲಗೆ ಅಗಲಿಸಿದೆ. ಎಳೆಗಳು ಬಿಚ್ಚಿಕೊಂಡವು. ಬೆರಳು ತೆಗೆದ ಮೇಲೆ ನಿಧಾನವಾಗಿ ಮತ್ತೆ ಕೂಡಿಕೊಂಡವು.