ಯಾರ್ ತಾವ ರಜ ಕೇಳ್ಲಿ?

ಸೋಮವಾರದಿಂದ ಒಂದೇ ಮಾತು ಕಿವಿಯಲ್ಲಿ ಕೂತಿದೆ.

"ಮೇಡಂ, ಆ ಸಾರ್‌ಗೆ ಬಂದಿರೋ ಕಾಯ್ಲೆ ನಂಗೂ ಅದೆ. ನಾನ್ ಯಾರ್ ತಾವ ರಜ ಕೇಳ್ಲಿ?"

ಕೇಳಿದ್ದು ನಮ್ಮ ಕಾಲೇಜಿನಲ್ಲಿ ಕಸ ಗುಡಿಸುವ ಅಕ್ಕ. ಆಗ ಅವರ ಕೈಯಲ್ಲಿ ಪೊರಕೆ ಇತ್ತು, ನನ್ನ ಕೈಯಲ್ಲಿ ಅವರದೇ ಹಾಜರಿ ಪಟ್ಟಿ. ಹಿಂದಿನ ವಾರದ ಮೂರು ದಿನಕ್ಕೆ ಕೆಂಪು ಪೆನ್ನಲ್ಲಿ ಗೈರುಹಾಜರಿ ಗುರುತು ಆಗಷ್ಟೇ ಹಾಕಿದ್ದೆ. ಜಗಳದ ದನಿ ಅಲ್ಲ ಅದು. ಬಸ್ಸು ಎಷ್ಟೊತ್ತಿಗೆ ಅಂತ ಕೇಳುವ ಹಾಗೆ ಕೇಳಿದರು. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ.

ಆ ಸಾರ್ ನಮ್ಮ ಅಧ್ಯಾಪಕರೊಬ್ಬರು. ಹದಿನೈದು ದಿನದ ಹಿಂದೆ ನನ್ನ ಮೇಜಿನ ಮುಂದೆ ಬಂದು ಕೂತು, ಸುತ್ತ ಯಾರೂ ಇಲ್ಲ ಅಂತ ನೋಡಿಕೊಂಡು ಒಂದು ಚೀಟಿ ಕೊಟ್ಟರು. ಡಾಕ್ಟರು ಖಿನ್ನತೆ ಅಂತ ಬರೆದು, 45 ದಿನ ವಿಶ್ರಾಂತಿ ಬೇಕು ಅಂದಿದ್ದರು. "ಕ್ಲಾಸಿನಲ್ಲಿ ನಿಂತರೆ ಏನು ಹೇಳಬೇಕು ಅನ್ನೋದೇ ಮರೆತುಹೋಗುತ್ತೆ ಮೇಡಂ" ಅಂದಾಗ ಅವರ ಬೆರಳು ಮೇಜಿನ ಅಂಚನ್ನು ಉಜ್ಜುತ್ತಲೇ ಇತ್ತು. ಒಳ್ಳೆ ಮನುಷ್ಯ. ಪರೀಕ್ಷೆ ಶುಲ್ಕ ಕಟ್ಟಲಾಗದ ಹುಡುಗರಿಗೆ ಗೊತ್ತಾಗದ ಹಾಗೆ ಕಟ್ಟಿಬಿಡುವವರು.

ಅವರ ಕಡತ ಮಧ್ಯಾಹ್ನ ನಾನೇ ಮಾಡಿದೆ, ಸಂಜೆಗೆ ಸಹಿ ಬಿತ್ತು. ಸರ್ಕಾರಿ ನೌಕರರ ಖಾತೆಗೆ ವರ್ಷಕ್ಕೆ 20 ದಿನ ಅರ್ಧ ವೇತನ ರಜೆ ಬಂದು ಬೀಳುತ್ತದೆ. ವೈದ್ಯರ ಚೀಟಿ ಇದ್ದರೆ ಅದನ್ನು ಪರಿವರ್ತಿತ ರಜೆ ಮಾಡಿಕೊಂಡು ಪೂರ್ತಿ ಸಂಬಳ ಪಡೆಯಬಹುದು. ಖಾತೆಯಿಂದ ಎರಡರಷ್ಟು ದಿನ ಕಳೆಯುತ್ತದೆ, ಅಷ್ಟೇ. 45 ದಿನಕ್ಕೆ 90. ಅವರ ಖಾತೆಯಲ್ಲಿ ಇನ್ನೂರಕ್ಕೂ ಜಾಸ್ತಿ ಇತ್ತು. ಅವರಿಗೆ ಹೆಚ್ಚಾಯಿತು ಅಂತ ನಾನು ಹೇಳುತ್ತಿಲ್ಲ. ಕಾಯಿಲೆ ಬಿದ್ದವರಿಗೆ ಸಿಗಬೇಕಾದ್ದೇ ಅಷ್ಟು.

ಕಡತದಲ್ಲಿರುವ ಕಾಯಿಲೆ ಗುಟ್ಟಾಗಿರಬೇಕು. ಆದರೆ ನಮ್ಮ ಕಚೇರಿಯಲ್ಲಿ ಗುಟ್ಟಿನ ಆಯುಷ್ಯ ಟೀ ಬರುವ ತನಕ. ಅಕ್ಕನಿಗೂ ಹಾಗೇ ಗೊತ್ತಾಗಿದ್ದು.

ಅಕ್ಕ ಹೊರಗುತ್ತಿಗೆಯವರು. ಎಂಟು ವರ್ಷದಿಂದ ಇದೇ ಕಾಲೇಜು ಗುಡಿಸುತ್ತಿದ್ದಾರೆ, ಆದರೆ ಕಾಲೇಜಿನವರಲ್ಲ. ಸಂಬಳ ಕೊಡುವುದು ಏಜೆನ್ಸಿ. ಪ್ರತಿ ತಿಂಗಳು ಹಾಜರಿ ಪಟ್ಟಿ ನಾನು ಕಳಿಸುತ್ತೇನೆ, ಅದನ್ನು ನೋಡಿಕೊಂಡು ಅವರು ದುಡ್ಡು ಹಾಕುತ್ತಾರೆ. ಬಂದ ದಿನಕ್ಕೆ ಸಂಬಳ, ಬರದ ದಿನಕ್ಕೆ ಇಲ್ಲ. "ಮೂರು ದಿನ ಏನಾಗಿತ್ತು ಅಕ್ಕ, ಜ್ವರಾನಾ?" ಅಂತ ನಾನು ಸುಮ್ನೆ ಕೇಳಿದ್ದೆ. "ಜ್ವರ ಇಲ್ಲ. ಗ್ವಾಡೆ ನೋಡ್ಕಂಡ್ ಮಲ್ಗಿದ್ದೆ. ಎದ್ದು ಏನ್ ಮಾಡ್ಬೇಕು ಅಂತಾನೇ ತೋಚ್ನಿಲ್ಲ." ಅದಾದ ಮೇಲೆ ಆ ಪ್ರಶ್ನೆ.

ನಾನು ಕೊಟ್ಟ ಉತ್ತರ ಹೇಳಿಕೊಳ್ಳೋಕೆ ನಾಚಿಕೆ. "ನೋಡೋಣ ಅಕ್ಕ" ಅಂದೆ.

ಪಕ್ಕದ ಮೇಜಿನ ಹಿರಿಯರು ಇಷ್ಟನ್ನೂ ಕೇಳಿಸಿಕೊಂಡಿದ್ದರು. ಅಕ್ಕ ಆಚೆ ಹೋದ ಮೇಲೆ ನಕ್ಕರು. "ಇವರಿಗೆಲ್ಲಾ ಎಂಥ ಡಿಪ್ರೆಶನ್ನು? ಹೊಟ್ಟೆ ತುಂಬಿದೋರಿಗೆ ಬರೋ ಕಾಯಿಲೆ ಅದು." ನಾನು ಆಗಲೂ ಸುಮ್ಮನಿದ್ದೆ. ಈ ಮನುಷ್ಯ ಕೆಟ್ಟವರಲ್ಲ, ಆದರೆ ಬಡವರ ಬಗ್ಗೆ ಏನು ಮಾತಾಡಿದರೂ ಅಳತೆ ತಪ್ಪುತ್ತದೆ. ರಾತ್ರಿ ಮನೆಯಲ್ಲಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2021ರ ವರದಿ ತೆಗೆದು ನೋಡಿದೆ. ಆ ವರ್ಷ ದೇಶದಲ್ಲಿ ಆತ್ಮಹತ್ಯೆಯಿಂದ ಹೋದವರು 1,64,033. ಅದರಲ್ಲಿ 42,004 ಮಂದಿ ದಿನಗೂಲಿಯವರು, ಅಂದರೆ ನಾಲ್ಕರಲ್ಲಿ ಒಬ್ಬರು. ವರ್ಷದ ವರಮಾನ ಒಂದು ಲಕ್ಷ ಮುಟ್ಟದವರನ್ನು ಲೆಕ್ಕ ಹಾಕಿದರೆ ನೂರಕ್ಕೆ 64. ಇವರಲ್ಲಿ ಎಷ್ಟು ಜನರ ಚೀಟಿಯಲ್ಲಿ ಡಾಕ್ಟರು ಖಿನ್ನತೆ ಅಂತ ಬರೆದಿದ್ದರೋ. ನಮ್ಮೂರ ಕಡೆ ಅದಕ್ಕೆ ಬ್ಯಾಸರ ಅಂತಾರೆ. ಗಂಡಸಾದರೆ ಕುಡಿತ ಅಂತಾರೆ. ಹೆಂಗಸಾದರೆ ಮೈಮೇಲೆ ಬಂದಿದೆ ಅಂತಾರೆ. ಬ್ಯಾಸರಕ್ಕೆ ರಜೆ ಇಲ್ಲ.

ಆದರೆ ಅಕ್ಕನ ಪ್ರಶ್ನೆಗೆ ಉತ್ತರ ಇದೆ! ನಾನು ಗುಮಾಸ್ತಿ, ನಿಯಮ ಹುಡುಕುವುದೇ ನನ್ನ ಕಸುಬು. ತಿಂಗಳಿಗೆ 21,000 ರೂಪಾಯಿ ಒಳಗೆ ಸಂಬಳ ಇರುವ, ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ, ಕಟ್ಟುವ ಕೆಲಸಗಾರರಿಗೆ ಕಾಯಿಲೆ ಭತ್ಯೆ ಉಂಟು. ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಸೇರಿದ್ದರೆ, ಕಾಯಿಲೆ ದಿನಗಳಿಗೆ ಕೂಲಿಯ ನೂರಕ್ಕೆ 70ರಷ್ಟು, ವರ್ಷಕ್ಕೆ 91 ದಿನದ ತನಕ. ಗುತ್ತಿಗೆಯವರು ಅಂತ ಬಿಡುವ ಹಾಗಿಲ್ಲ. ಓದಿ ಖುಷಿಯಾಗಿ ಮಾರನೇ ದಿನ ಬೆಳಿಗ್ಗೆ ಏಜೆನ್ಸಿ ಸೂಪರ್‌ವೈಸರಿಗೆ ಫೋನ್ ಮಾಡಿದೆ.

"ಇಎಸ್‌ಐ ಕಟ್ ಆಗ್ತಾ ಇದೆ ಮೇಡಂ."

"ನಂಬರ್ ಕೊಡಿ."

"ಆಫೀಸಲ್ಲಿ ಇರುತ್ತೆ. ನೋಡಿ ಹೇಳ್ತೀನಿ."

ಇವತ್ತು ಶನಿವಾರ. ಇನ್ನೂ ನೋಡುತ್ತಿದ್ದಾರೆ. ಅಕ್ಕನಿಗೆ ಎಂಟು ವರ್ಷದಲ್ಲಿ ಒಂದು ಪೇ ಸ್ಲಿಪ್ಪೂ ಕೈಗೆ ಸಿಕ್ಕಿಲ್ಲ. ನಂಬರ್ ಸಿಕ್ಕರೂ ಇಎಸ್‌ಐ ಡಾಕ್ಟರು ಇರುವುದು ಜಿಲ್ಲಾ ಕೇಂದ್ರದಲ್ಲಿ, ಚೀಟಿ ತರಲು ಒಂದು ದಿನ ಕೂಲಿ ಬಿಟ್ಟು ಹೋಗಬೇಕು. ಜೊತೆಗೆ ಮೊದಲ ಎರಡು ದಿನ ಕಾಯುವ ಅವಧಿ, ಅದಕ್ಕೆ ಭತ್ಯೆ ಇಲ್ಲ. ಗೋಡೆ ನೋಡಿಕೊಂಡು ಮಲಗಿದ ಮೂರು ದಿನದಲ್ಲಿ ಒಂದು ದಿನಕ್ಕೆ ಮಾತ್ರ ದುಡ್ಡು, ಅದೂ ಮುಕ್ಕಾಲು ಪಾಲಿಗಿಂತ ಕಡಿಮೆ. ಆ ಒಂದು ದಿನ ಚೀಟಿ ತರೋಕೇ ಹೋಯಿತು ಅಲ್ವಾ? ಲೆಕ್ಕ ಹಾಕಿ ನಗು ಬಂತು. ಆಮೇಲೆ ನಕ್ಕಿದ್ದಕ್ಕೆ ಬೇಜಾರಾಯಿತು.

ಅಕ್ಕನ ಗಂಡ ಹೋಗಿ ಒಂಬತ್ತು ವರ್ಷ. ಬೇರೆಯವರ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಹಾಕಿದ್ದರು. ಬೆಲೆ ಬಿತ್ತು, ಗೆಡ್ಡೆ ಕೊಳೆಯಿತು, ಜೀವ ಕಳೆದುಕೊಂಡರು. ನಮ್ಮ ರಾಜ್ಯದಲ್ಲಿ ಆತ್ಮಹತ್ಯೆ ಮಾಡಿಕೊಂಡ ರೈತರ ಮನೆಗೆ 2015ರಿಂದ 5 ಲಕ್ಷ ಪರಿಹಾರ, ಹೆಂಡತಿಗೆ ತಿಂಗಳಿಗೆ 2,000 ಪಿಂಚಣಿ. ಆದರೆ ಸತ್ತವರು ರೈತರು ಹೌದೋ ಅಲ್ಲವೋ ಅಂತ ಉಪವಿಭಾಗಾಧಿಕಾರಿಗಳ ಸಮಿತಿ ತೀರ್ಮಾನ ಮಾಡಬೇಕು. ಪಹಣಿ ಜಮೀನಿನ ಯಜಮಾನರ ಹೆಸರಲ್ಲಿತ್ತು. ಸಾಲವೆಲ್ಲ ಕೈಸಾಲ, ಬ್ಯಾಂಕಿನ ಒಂದು ಹಾಳೆಯೂ ಇಲ್ಲ. ಅರ್ಜಿ ವಾಪಸ್ ಬಂತು. ಕೊನೆಗೆ ಸಾಮಾನ್ಯ ವಿಧವಾ ವೇತನ ಆಯಿತು. ಅದು ಈಗ 800. ಈ ಕೆಲಸಕ್ಕೆ ಸೇರಿದ ಮೇಲೆ ವರಮಾನ ಜಾಸ್ತಿ ಅಂತ ಅದೂ ನಿಂತಿದೆ.

ಅದೇ ಶುಂಠಿ, ಅದೇ ಸಾವು. ಪಹಣಿ ಇದ್ದರೆ 2,000, ಇಲ್ಲದಿದ್ದರೆ 800. ನನಗೆ ಇದಕ್ಕಿಂತ ವಿಚಿತ್ರ ಅನ್ನಿಸುವುದು ಇನ್ನೊಂದಿದೆ. ಅವರು ಸಾಯುವ ಹಿಂದಿನ ವಾರ ಯಾವುದಾದರೂ ಸರ್ಕಾರಿ ಕಚೇರಿಗೆ ಹೋಗಿ, "ಸ್ವಾಮಿ, ನಂಗೆ ಬದುಕೋಕೆ ಆಗ್ತಾ ಇಲ್ಲ" ಅಂದಿದ್ದರೆ ಯಾರು ಯಾವ ಫಾರಂ ಕೊಡುತ್ತಿದ್ದರು? ಸತ್ತ ಮೇಲಿನ ದುಡ್ಡಿಗೆ ಸಮಿತಿ ಇದೆ, ನಮೂನೆ ಇದೆ, ಲಕ್ಷದ ಲೆಕ್ಕ ಇದೆ. ಇಷ್ಟು ವರ್ಷ ಕಚೇರಿಯಲ್ಲಿ ಕೂತ ನನಗೆ ಬದುಕಿದ್ದವರ ಆ ಒಂದು ಫಾರಂ ಎಲ್ಲೂ ಕಂಡಿಲ್ಲ. ನಮ್ಮ ಅಧ್ಯಾಪಕರಿಗೆ ಮಾತ್ರ ಅದು ಇತ್ತು. ಹೆಸರು ರಜಾ ಅರ್ಜಿ.

ಏನೂ ಇಲ್ಲ ಅಂದರೆ ಅದೂ ಸುಳ್ಳಾಗುತ್ತದೆ. ಗೃಹಲಕ್ಷ್ಮಿಯ 2,000 ಅಕ್ಕನಿಗೆ ಬರುತ್ತದೆ. "ಅದು ಬರಾದ್ಕೇ ಉಸ್ರಾಡ್ತಾ ಇವ್ನಿ" ಅಂತಾರೆ. ತಡವಾಗಿ ಬಂದ ತಿಂಗಳು ಕಂತು ತಪ್ಪುತ್ತದೆ. ಕಂತು ಅಂದರೆ ಮೈಕ್ರೋ ಫೈನಾನ್ಸ್ ಸಂಘದ್ದು, ಮಗಳ ಹೆರಿಗೆಗೆ ಎತ್ತಿದ್ದು. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು, ವಸೂಲಿಗೆ ಕಿರುಕುಳ ಕೊಟ್ಟರೆ 10 ವರ್ಷದ ತನಕ ಜೈಲು ಅಂತ ಮಾಡಿತು. ಅಲ್ಲಿಂದ ರಾತ್ರಿ ಬಾಗಿಲಲ್ಲಿ ಬಂದು ಕೂರುವವರು ಕಡಿಮೆಯಾಗಿದ್ದಾರಂತೆ. ಈಗ ಬರುವುದು ಗುಂಪಿನ ಹೆಂಗಸರೇ. ಒಬ್ಬರು ಕಟ್ಟದಿದ್ದರೆ ಉಳಿದವರು ತುಂಬಬೇಕು. ನೀರಿನ ನಲ್ಲಿ ಹತ್ತಿರ ಸಿಗುವ ಅಕ್ಕಪಕ್ಕದವರ ಮೇಲೆ ಯಾರು ಕೇಸು ಹಾಕುತ್ತಾರೆ?

ಸೋಮವಾರ ಸಂಜೆ ಅಕ್ಕ ಹೊರಡುವಾಗ 14416 ಅಂತ ಚೀಟಿಯಲ್ಲಿ ಬರೆದುಕೊಟ್ಟೆ. ಟೆಲಿ ಮಾನಸ್, 2022ರ ಅಕ್ಟೋಬರಿನಿಂದ ಇರುವ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ಬಟನ್ ಫೋನಿಂದಲೂ ಆಗುತ್ತದೆ.

"ಏನ್ ಕೇಳ್ತಾರೆ ಅವ್ರು?"

"ಏನ್ ಕಷ್ಟ ಅಂತ ಕೇಳ್ತಾರೆ ಅಕ್ಕ."

"ಕಷ್ಟ ಅಂದ್ರೆ ಕಂತು. ಅದ್ಕೇನ್ ಹೇಳಾರು?"

ಚೀಟಿ ಮಡಚಿ ರವಿಕೆಯೊಳಗೆ ಇಟ್ಟುಕೊಂಡರು. ಫೋನ್ ಮಾಡಿದರೋ ಇಲ್ಲವೋ, ನಾನು ಕೇಳಿಲ್ಲ.

ಮಂಗಳವಾರ ಅವರನ್ನು ತಾಲೂಕು ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಇದೆ, ಆವತ್ತು ಮನೋವೈದ್ಯರು ಬರುತ್ತಾರೆ. ಜಿಲ್ಲೆ ಮಟ್ಟದ ಮಾನಸಿಕ ಚಿಕಿತ್ಸೆಗೆ ಇಡೀ ದೇಶಕ್ಕೆ ಮಾದರಿ ಆಗಿದ್ದು ನಮ್ಮ ಬಳ್ಳಾರಿ. ಅಂಥ ರಾಜ್ಯದಲ್ಲಿ ಇಷ್ಟಾದರೂ ಇರಬೇಕಲ್ಲ. ನಾನು ಅರ್ಧ ದಿನ ಸಾಂದರ್ಭಿಕ ರಜೆ ಹಾಕಿದೆ. ಕಾರಣದ ಜಾಗದಲ್ಲಿ ಸ್ವಂತ ಕೆಲಸ ಅಂತ ಬರೆದೆ. ಯಾರೂ ಏನೂ ಕೇಳಲಿಲ್ಲ. ಅಕ್ಕ ಬೆಳಿಗ್ಗೆ ಆರಕ್ಕೇ ಬಂದು ಕಾಲೇಜು ಪೂರ್ತಿ ಗುಡಿಸಿ, ಕೈಕಾಲು ತೊಳೆದು ಗೇಟಿನ ಹತ್ತಿರ ನಿಂತಿದ್ದರು.

ಬೆಂಚಿನ ಮೇಲೆ ಎರಡು ಗಂಟೆ ಕೂತೆವು. ಅಕ್ಕ ನಾಲ್ಕು ಸಲ ಟೈಮ್ ಕೇಳಿದರು. ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಹೊರಗೆ ಅಷ್ಟು ಜನ ಇದ್ದರೂ ಪೆನ್ನು ಕೆಳಗಿಟ್ಟು ಮಾತಾಡಿದರು.

"ಅಮ್ಮಾ, ಸತ್ತುಹೋಗಬೇಕು ಅಂತ ಯಾವಾಗಾದ್ರೂ ಅನ್ಸುತ್ತಾ?"

ಅಕ್ಕ ನನ್ನ ಕಡೆ ನೋಡಲಿಲ್ಲ.

"ಅನ್ಸ್ತದೆ. ಆದ್ರೆ ನಾನ್ ಹೋದ್ರೆ ಕಂತು ಆ ಹೆಣ್ಮಕ್ಳ ತಲೆ ಮ್ಯಾಲ್ ಬೀಳ್ತದೆ."

ಡಾಕ್ಟರು ಸ್ವಲ್ಪ ಹೊತ್ತು ಏನೂ ಬರೆಯಲಿಲ್ಲ. ಆಮೇಲೆ ಮಗಳ ಫೋನ್ ನಂಬರ್ ತೆಗೆದುಕೊಂಡರು, ಕೆಲವು ದಿನ ರಾತ್ರಿ ಒಬ್ಬರೇ ಮಲಗಬೇಡಿ ಅಂದರು, ಮಾತ್ರೆ ಬರೆದರು. ಮಾತ್ರೆ ಅಲ್ಲೇ ಪುಕ್ಕಟೆ ಸಿಕ್ಕಿತು. ಹದಿನೈದು ದಿನ ಬಿಟ್ಟು ಬರಬೇಕು, ಅದೂ ಮಂಗಳವಾರವೇ. ಮಗಳು ಆವತ್ತು ಸಂಜೆಯೇ ಕೂಸು ಎತ್ತಿಕೊಂಡು ಬಂದಿದ್ದಾಳೆ.

ಆಸ್ಪತ್ರೆಯಿಂದ ವಾಪಸ್ ಬರುವಾಗ ಆಟೋದಲ್ಲಿ ಅಕ್ಕ ಮಾತ್ರೆ ಪೊಟ್ಟಣ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. "ಸಾರ್‌ಗೂ ಇದೇನಾ ಮೇಡಂ?" ಅಂದರು. ಗೊತ್ತಿಲ್ಲ ಅಕ್ಕ ಅಂದೆ. "ಇದೇ ಇರ್ತದೆ" ಅಂತ ಅವರಿಗವರೇ ಹೇಳಿಕೊಂಡರು. ಯಾಕೋ ಅವರ ಮುಖದಲ್ಲಿ ಸಣ್ಣ ಸಮಾಧಾನ ಇತ್ತು.

ನಿನ್ನೆ ಸೂಪರ್‌ವೈಸರ್ ಫೋನ್ ಬಂತು. ಇಎಸ್‌ಐ ನಂಬರಿಗೆ ಅಂದುಕೊಂಡು ಪೆನ್ನು ಹಿಡಿದೆ.

"ಮೇಡಂ, ಮಂಗಳವಾರ ಅವ್ರು ಡ್ಯೂಟಿ ಟೈಮಲ್ಲಿ ಇರ್ಲಿಲ್ವಂತೆ. ಲಿಸ್ಟಲ್ಲಿ ಏನ್ ಹಾಕ್ತೀರಾ?"

ಬೆಳಿಗ್ಗೆ ಆರಕ್ಕೆ ಬಂದು ಕೆಲಸ ಮುಗಿಸಿಯೇ ಹೋಗಿದ್ದಾರೆ ಅಂದೆ. "ಅದು ಸರಿ ಮೇಡಂ, ಆದ್ರೆ ಹದಿನೈದು ದಿನಕ್ಕೊಂದ್ಸಲ ಹಿಂಗೇ ಅಂದ್ರೆ ಬೇರೆಯವ್ರನ್ನ ಕಳಿಸ್ತೀವಿ" ಅಂದರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಅವರೂ ಏಜೆನ್ಸಿಯ ದಿನಗೂಲಿಯೇ ಇರಬೇಕು.

ಪಟ್ಟಿ ಬುಧವಾರ ಹೋಗಬೇಕು. ಮಂಗಳವಾರದ ಚೌಕಕ್ಕೆ ನೀಲಿ ಪೆನ್ನಲ್ಲಿ ಹಾಜರಿ ಹಾಕಿದ್ದೇನೆ. ಹಿಂದಿನ ವಾರದ ಮೂರು ಕೆಂಪು ಗುರುತು ಪಕ್ಕದಲ್ಲೇ ಇವೆ. ಅದರ ಮೇಲೆ ಬಿಳಿ ಇಂಕು ಬಳಿದರೆ ಆಡಿಟ್‌ನವರಿಗೆ ಮೊದಲು ಕಾಣುವುದೇ ಅದು.